ಸಾಕಿದವರಿಗೆ ‘ಸಾಕು’ ಎನ್ನಲು ಬರಬೇಕು

ಅರಸೀಕೆರೆಯ ತೆಂಗಿನ ತೋಟದ ಮನೆಯೊಂದರಲ್ಲಿ ಮುದ್ದಿನ ನಾಯಿಯೊಂದಿದೆಯೆನ್ನಿ. ಹೆಸರು ಹಿಡಿದು ಕರೆದರೆ ಓಡಿ ಬರುತ್ತದೆ. ‘ಕೂರು’ ಎಂದರೆ ಕೂರುತ್ತದೆ. ಬೆಳಗಿನ ಪತ್ರಿಕೆಯನ್ನು ಬಾಯಲ್ಲಿ ಕಚ್ಚಿ ತಂದು ಯಜಮಾನನ ಮುಂದಿಡುತ್ತದೆ. ಬೇಲೂರಿನ ಕಡೆಗೆ ಚಿತ್ರೀಕರಣಕ್ಕೆಂದು ಹೊರಟ ತಂಡದವರೊಬ್ಬರು ಅದನ್ನು ಕಂಡು, “ನಮ್ಮ ಚಿತ್ರದಲ್ಲಿ ಇದಕ್ಕೊಂದು ಪಾತ್ರವಿದೆ, ಎರಡು ದಿನದ ಮಟ್ಟಿಗೆ ಕರೆತನ್ನಿ” ಎನ್ನುತ್ತಾರೆ. ಅಂದು ರಾತ್ರಿ ಮನೆಯ ಮಕ್ಕಳಿಗೆ ನಿದ್ದೆಯಿಲ್ಲ. ಯಜಮಾನನಿಗೂ ಒಳಗೊಳಗೇ ಹಿಗ್ಗು. ಈ ಸಂಭ್ರಮದ ಕಾರಣ ತಿಳಿಯದಿರುವುದು ನಾಯಿಗೆ ಮಾತ್ರ. ಎಲ್ಲರೂ ನಗುತ್ತಿರುವುದನ್ನು ಕಂಡು ಅದೂ ಬಾಲವಾಡಿಸುತ್ತದೆ.

ವಿಷಯದ ತಿರುಳೆಲ್ಲ ಇರುವುದು ಇಲ್ಲಿಯೇ. ಚಿತ್ರೀಕರಣವು ನಟನಿಗೆ ನಟನೆ, ನಾಯಿಗೆ ನಿಜ. ಕಥಾನಾಯಕನ ಮೇಲೆ ಕತ್ತಿಯೆತ್ತಿದವನು ಬಿಡುವಿನ ವೇಳೆಯಲ್ಲಿ ಅವನ ಪಕ್ಕದಲ್ಲೇ ಕುಳಿತು ಕಾಫಿ ಕುಡಿಯುವ ಗೆಳೆಯನೆಂಬುದು ಅದಕ್ಕೆ ಹೇಗೆ ತಿಳಿಯಬೇಕು? ಹೆದರಿಕೆ, ಬಾಯಾರಿಕೆ, ದಣಿವು, ಇವು ಯಾವುವೂ ನಿರ್ದೇಶಕನ ‘ಕಟ್’ ಎಂಬ ಕೂಗಿಗೆ ನಿಲ್ಲುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವವನು ಯಜಮಾನ; ದುಡಿಯುವುದು ನಾಯಿ. ಆದ್ದರಿಂದ ನಾಯಿಯನ್ನು ಸಿದ್ಧಪಡಿಸುವುದಕ್ಕೆ ಮೊದಲು ಯಜಮಾನನು ತಾನೇ ಸಿದ್ಧನಾಗುವುದು ಅಗತ್ಯ.

ನಾಯಿಯ ನಿಷ್ಠೆಯನ್ನು ನೆಚ್ಚಿ ಅದನ್ನು ಅಪಾಯದ ಮುಖಕ್ಕೆ ಬಿಟ್ಟ ಕಥೆ ಕನ್ನಡನಾಡಿಗೆ ಹೊಸತಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವು ಸುಮಾರು 950ನೆಯ ಇಸವಿಯದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಅರಸನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಹೊನ್ನನ್ನಲ್ಲ, ಕಾಳಿಯೆಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿಯನ್ನು ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಮಡಿದವು. ಒಡೆಯನು ನಾಯಿಯ ನೆನಪಿಗೆ ಕಲ್ಲು ನೆಡಿಸಿ, ಭೂಮಿಯನ್ನೂ ದತ್ತಿ ಬಿಟ್ಟನು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಕೀರ್ತಿಯೇನೋ ದೊರೆಯಿತು, ಬದುಕು ದೊರೆಯಲಿಲ್ಲ.

ಚಿತ್ರರಂಗವೂ ಈ ಪಾಠವನ್ನು ಪ್ರಾಣದ ಬೆಲೆ ಕೊಟ್ಟೇ ಕಲಿಯಿತು. 1939ರಲ್ಲಿ ತೆರೆಕಂಡ ‘ಜೆಸ್ಸಿ ಜೇಮ್ಸ್’ ಎಂಬ ಅಮೆರಿಕದ ಚಿತ್ರಕ್ಕಾಗಿ ಕುದುರೆಯೊಂದನ್ನು ಎತ್ತರದ ಬಂಡೆಯಿಂದ ನೀರಿಗೆ ಬೀಳಿಸಿದರು, ಅದು ಸತ್ತಿತು. ಜನರ ಆಕ್ರೋಶದ ಫಲವಾಗಿ ಮರುವರ್ಷದಿಂದ ಹಾಲಿವುಡ್ಡಿನಲ್ಲಿ ಪ್ರಾಣಿಗಳ ಮೇಲ್ವಿಚಾರಣೆ ಮೊದಲಾಯಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2021ರಲ್ಲಿ ಹೈದರಾಬಾದಿನ ಬಳಿ ಐತಿಹಾಸಿಕ ಚಿತ್ರವೊಂದರ ಚಿತ್ರೀಕರಣದಲ್ಲಿ ಕುದುರೆಯೊಂದು ಸತ್ತು, ಪ್ರಕರಣವು ಪೊಲೀಸರವರೆಗೆ ಹೋಯಿತು.

ಕಾನೂನು ಇಲ್ಲವೆಂದಲ್ಲ. ನೃತ್ಯಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ತಂದ ಖಾಸಗಿ ಮಸೂದೆಯೇ ನಾಂದಿಯಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂದಿತು. 1962ರಲ್ಲಿ ಅವರ ಅಧ್ಯಕ್ಷತೆಯಲ್ಲಿಯೇ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಸ್ಥಾಪನೆಗೊಂಡಿತು. ಪ್ರದರ್ಶನ ಪ್ರಾಣಿಗಳ ನೋಂದಣಿಯ ಬಗೆಗೆ 2001ರಲ್ಲಿ ಬಂದ ನಿಯಮಗಳಂತೆ ಚಿತ್ರದಲ್ಲಿ ದುಡಿಯುವ ಪ್ರಾಣಿಯನ್ನು ಈ ಮಂಡಳಿಯಲ್ಲಿ ನೋಂದಾಯಿಸಬೇಕು. ಪಶುವೈದ್ಯರ ಆರೋಗ್ಯಪತ್ರ ಬೇಕು. ಚಿತ್ರೀಕರಣಕ್ಕೆ ಮೊದಲೇ ಅನುಮತಿ ಬೇಕು. ಚಿತ್ರ ಮುಗಿದ ಬಳಿಕ ಮಂಡಳಿಯ ನಿರಾಕ್ಷೇಪಣಾ ಪತ್ರವಿಲ್ಲದೆ ಸೆನ್ಸಾರಿನವರ ಪ್ರಮಾಣಪತ್ರ ದೊರೆಯದು. ಕಾಯಿಲೆ ಬಿದ್ದ, ಗಾಯಗೊಂಡ ಅಥವಾ ಗಬ್ಬವಾದ ಪ್ರಾಣಿಯನ್ನು ದುಡಿಸಕೂಡದು, ಮಂಪರಿನ ಮದ್ದು ಕೊಡಕೂಡದು, ಬೆಂಕಿಗೆ ಒಡ್ಡಕೂಡದು. “ಎರಡೇ ದಿನದ ಕೆಲಸಕ್ಕೆ ಇಷ್ಟೆಲ್ಲ ಏಕೆ?” ಎಂದು ಯಾರಾದರೂ ನಕ್ಕರೆ, ಅಂಥವರ ಬಳಿಗೆ ನಾಯಿಯನ್ನು ಕರೆದೊಯ್ಯದಿರುವುದೇ ಲೇಸು.

ಸ್ಥಳದ ಕಟ್ಟಳೆಯೂ ಒಂದುಂಟು. ಬೇಲೂರು ಚಿತ್ರರಂಗಕ್ಕೆ ಹಳೆಯ ನೆಂಟು. ಕನ್ನಡದ ಮೊದಲ ಪೂರ್ಣಪ್ರಮಾಣದ ವರ್ಣಚಿತ್ರವೆನಿಸಿದ, 1964ರ ‘ಅಮರಶಿಲ್ಪಿ ಜಕಣಾಚಾರಿ’ಯ ಕಥೆಯೇ ಈ ಶಿಲ್ಪಗಳ ಸುತ್ತ ಹೆಣೆದದ್ದು. ಆದರೆ ಬೇಲೂರಿನ ಚೆನ್ನಕೇಶವ, ಹಳೇಬೀಡಿನ ಹೊಯ್ಸಳೇಶ್ವರ ಎರಡೂ ಕೇಂದ್ರದ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. 2023ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿಯೂ ಸೇರಿವೆ. ಅಲ್ಲಿ ಚಿತ್ರೀಕರಣಕ್ಕೆ ಇಲಾಖೆಯ ಪರವಾನಗಿ ಬೇಕು. ಮೇಲಾಗಿ, ಸ್ಮಾರಕದ ನಿರ್ವಹಣೆಯ ಕೆಲಸಕ್ಕಲ್ಲದೆ ಬೇರಾವ ಕಾರಣಕ್ಕೂ ಪ್ರಾಣಿಯನ್ನು ಒಳಗೆ ತರಬಾರದೆಂದು 1959ರ ನಿಯಮಗಳೇ ಹೇಳುತ್ತವೆ. ಗೋಡೆಯ ತಳದಲ್ಲಿ ಸಾಲುಗಟ್ಟಿದ ಆನೆ, ಮೇಲೆ ಸಿಂಹ, ಅದರ ಮೇಲೆ ಕುದುರೆ, ತುದಿಯಲ್ಲಿ ಹಂಸ, ಹೀಗೆ ಕಲ್ಲಿನ ಪ್ರಾಣಿಗಳಿಂದ ತುಂಬಿ ತುಳುಕುವ ಹಳೇಬೀಡಿನ ಗುಡಿಯೊಳಕ್ಕೆ ಜೀವಂತ ನಾಯಿಗೆ ಪ್ರವೇಶವಿಲ್ಲ! ‘ನಾಯಿಯ ದೃಶ್ಯ ಗುಡಿಯ ಅಂಗಳದಲ್ಲಿ’ ಎಂದು ಯಾರಾದರೂ ಹೇಳಿದರೆ ಯಜಮಾನನು ಮೊದಲು ಕಾಗದಪತ್ರ ಕೇಳುವುದು ಜಾಣತನ. ಊರ ಬೀದಿ, ತೋಟ, ಕೆರೆಯ ಏರಿ ಇವುಗಳ ಮಾತು ಬೇರೆ.

ಇನ್ನು, ಎಲ್ಲ ಪ್ರಾಣಿಗಳಿಗೂ ಈ ಬಾಗಿಲು ತೆರೆದಿಲ್ಲ. ಬೇಲೂರಿನ ಶುಕಭಾಷಿಣಿಯ ಕೈಯ ಗಿಣಿ ನೋಡಲು ಸೊಗಸೇ. ಆದರೆ ನಮ್ಮ ಕಾಡಿನ ಗಿಣಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಮದನಿಕೆಯ ಸೆರಗೆಳೆಯುವ ಕಪಿಯ ಜಾತಿಯನ್ನೂ, ಸಳನು ಇರಿದ ಹುಲಿಯ ಜಾತಿಯನ್ನೂ ಪ್ರದರ್ಶನಕ್ಕಾಗಿ ಪಳಗಿಸುವುದನ್ನು ಸರ್ಕಾರವು 1998ರಲ್ಲಿಯೇ ನಿಷೇಧಿಸಿದೆ.

ನಾಯಿಯ ಸಿದ್ಧತೆಗೆ ತಿಂಗಳುಗಳು ಹಿಡಿಯುತ್ತವೆ. 2022ರಲ್ಲಿ ತೆರೆಕಂಡ ‘777 ಚಾರ್ಲಿ’ಯನ್ನು ನೋಡಿ ಕಣ್ಣೊರೆಸಿಕೊಂಡವರು ಅನೇಕರು. ಕಾಸರಗೋಡಿನ ಕಿರಣ್‌ರಾಜ್ ನಿರ್ದೇಶಿಸಿದ ಆ ಚಿತ್ರದ ಲ್ಯಾಬ್ರಡಾರ್, ಮೈಸೂರಿನ ತರಬೇತುದಾರ ಪ್ರಮೋದ್ ಅವರ ಕೈಯಲ್ಲಿ ಪಳಗಿದ್ದು. ಚಿತ್ರ ಮುಗಿಯಲು ವರ್ಷಗಳೇ ಬೇಕಾದವು. 2024ರಲ್ಲಿ ಚಾರ್ಲಿ ಮೈಸೂರಿನಲ್ಲಿ ಆರು ಮರಿಗಳನ್ನು ಹಾಕಿದ ಸುದ್ದಿ ಬಂದಾಗ ನಾಡೇ ನಲಿಯಿತು. ದುಡಿದ ಪ್ರಾಣಿಯು ದುಡಿಮೆಯ ಬಳಿಕ ಸುಖವಾಗಿ ಬಾಳಿತೆಂಬುದು ಯಾವ ಪ್ರಶಸ್ತಿಗೂ ಕಡಮೆಯಲ್ಲ.

ಮೊದಲು ನೋಡಬೇಕಾದುದು ಸ್ವಭಾವ. ಅಪರಿಚಿತರನ್ನು ಕಂಡರೆ ಮಂಚದಡಿ ಸೇರುವ ನಾಯಿ, ಎಷ್ಟೇ ಚೆಲುವಾಗಿದ್ದರೂ, ಈ ಕೆಲಸಕ್ಕೆ ತಕ್ಕದ್ದಲ್ಲ. ಅದನ್ನು ಮನೆಯಲ್ಲಿಯೇ ಬಿಡುವುದು ದಯೆ. ಧೈರ್ಯದ ನಾಯಿಗೆ ‘ಕೂರು’, ‘ಇರು’, ‘ಬಾ’, ‘ಬಿಡು’ ಎಂಬ ನಾಲ್ಕು ಆಜ್ಞೆಗಳು ಗಟ್ಟಿಯಾಗಬೇಕು. ಧ್ವನಿ ದಾಖಲಾಗುವಾಗ ಬಾಯಿಬಿಡುವಂತಿಲ್ಲವಾದ್ದರಿಂದ ಇವೇ ಆಜ್ಞೆಗಳನ್ನು ಕೈಸನ್ನೆಯಲ್ಲಿಯೂ ಕಲಿಸಬೇಕು. ಚಿಕ್ಕ ಚಾಪೆಯೊಂದನ್ನು ಹಾಸಿ, ಅದರ ಮೇಲೆ ಹೋಗಿ ನಿಂತಾಗಲೆಲ್ಲ ತಿನಿಸು ಕೊಡುತ್ತ ಬಂದರೆ, ಮುಂದೆ ಕ್ಯಾಮರಾದ ಎದುರು ಗುರುತಿಸಿದ ಜಾಗದಲ್ಲಿ ನಿಲ್ಲಿಸುವುದು ಸುಲಭ. ಹೊಡೆದು ಕಲಿಸಿದ ನಾಯಿ ಒಡೆಯನ ಕೈಯನ್ನು ನೋಡುತ್ತದೆ. ಒಲಿಸಿ ಕಲಿಸಿದ ನಾಯಿ ಒಡೆಯನ ಮುಖವನ್ನು ನೋಡುತ್ತದೆ. ತೆರೆಯ ಮೇಲೆ ಈ ಎರಡರ ಅಂತರ ಮಕ್ಕಳಿಗೂ ಕಾಣುತ್ತದೆ.

ಬಳಿಕ ಸದ್ದಿನ ಅಭ್ಯಾಸ. ಎರಡು ಹಲಗೆಗಳನ್ನು ದೂರದಿಂದ ಮೆಲ್ಲನೆ ತಟ್ಟಿ ತಿನಿಸು ಕೊಡುವುದು. ನಾಯಿ ಬೆಚ್ಚದಿದ್ದರೆ ಮಾತ್ರ ನಾಳೆ ಒಂದು ಹೆಜ್ಜೆ ಹತ್ತಿರ. ಕೊಡೆ ಬಿಚ್ಚುವುದು, ಬೆಳ್ಳಿಬಣ್ಣದ ಹಾಳೆಯನ್ನು ಬಿಸಿಲಿಗೆ ಹಿಡಿಯುವುದು, ಇವೂ ಹೀಗೆಯೇ. ಬೆಂಗಳೂರು–ಹುಬ್ಬಳ್ಳಿ ದಾರಿಯಿಂದ ಹಾಸನ–ಮೈಸೂರಿನ ದಾರಿ ಕವಲೊಡೆಯುವ ಅರಸೀಕೆರೆಯ ಜಂಕ್ಷನ್ನಿನ ಹೊರಗಡೆ ಸಂಜೆ ಅರ್ಧ ಗಂಟೆ ಕೂತರೆ ಸಾಕು; ಜನರ ಗದ್ದಲ, ಎಂಜಿನ್ನಿನ ಕೂಗು, ಪೆಟ್ಟಿಗೆಗಳ ಸದ್ದು ಎಲ್ಲವೂ ಪುಕ್ಕಟೆ ಪಾಠ. ಹುಚ್ಚುನಾಯಿ ರೋಗದ ಚುಚ್ಚುಮದ್ದು ಮತ್ತಿತರ ಲಸಿಕೆಗಳ ಪತ್ರ ಕೈಯಲ್ಲಿರಬೇಕು. ರೈಲಿನಲ್ಲಿ ಒಯ್ಯುವುದಾದರೆ ಹವಾನಿಯಂತ್ರಿತ ಮೊದಲ ದರ್ಜೆಯ ಕೋಣೆಯನ್ನು ಪೂರ್ತಿಯಾಗಿ ಕಾದಿರಿಸಬೇಕು. ಇಲ್ಲವಾದರೆ ನಾಯಿಗೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯೇ ಗತಿ. ದುಡಿಯಲಿರುವ ಪ್ರಾಣಿಗೆ ಅದಕ್ಕಿಂತ ಸ್ವಂತ ವಾಹನ ಮೇಲು.

ಯಜಮಾನನ ಸಿದ್ಧತೆಯಾದರೋ ತಾಳ್ಮೆಯದು. ಚಿತ್ರೀಕರಣದಲ್ಲಿ ಅಭಿನಯಕ್ಕಿಂತ ಕಾಯುವುದೇ ಹೆಚ್ಚು. ಬೆಳಕು ಸರಿಯಾಗಬೇಕು, ಮೋಡ ಸರಿಯಬೇಕು, ನಾಯಕಿಯ ಮುಡಿ ಸರಿಯಾಗಬೇಕು. ಆ ಹೊತ್ತೆಲ್ಲ ನಾಯಿಗೆ ನೆರಳು, ಮನೆಯ ಹಾಸು, ಮನೆಯ ನೀರು, ಹಗ್ಗ, ಹೆಸರಿನ ಪಟ್ಟಿ ಜೊತೆಗಿರಬೇಕು. ಉಣಿಸು ಲಘುವಾಗಿರಲಿ. ಪ್ರೀತಿಯಿಂದ ಯಾರೋ ಕೊಡುವ ಚಾಕೊಲೇಟು, ದ್ರಾಕ್ಷಿ, ಈರುಳ್ಳಿಯ ಪಲ್ಯ ಇವು ನಾಯಿಗೆ ವಿಷ. ‘ಬೇಡ’ ಎಂದು ಹೇಳಲು ನಾಚಬಾರದು. ನಾಯಿಯು ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ತೇಕಿಯೇ ಸೆಕೆ ಕಳೆದುಕೊಳ್ಳುತ್ತದೆ. ನಡುಹಗಲಿನಲ್ಲಿ ಚಪ್ಪಲಿ ಬಿಟ್ಟು ಬೇಲೂರಿನ ಗುಡಿಯ ಅಂಗಳ ದಾಟಿದವರಿಗೆ ಕಾದ ಕಲ್ಲಿನ ಮಹಿಮೆ ತಿಳಿದೇ ಇದೆ. ಹೊರಗಿನ ಡಾಂಬರು ದಾರಿ ಅದಕ್ಕಿಂತ ಕಡಮೆಯೇನಲ್ಲ. ಅಂಗೈಯ ಹಿಂಬದಿಯನ್ನು ಐದಾರು ಕ್ಷಣ ನೆಲಕ್ಕೆ ಒತ್ತಿಡಲಾಗದಿದ್ದರೆ ಆ ನೆಲದ ಮೇಲೆ ನಾಯಿಯನ್ನು ನಡೆಸಬಾರದು.

ಎಲ್ಲಕ್ಕಿಂತ ಕಠಿಣವಾದ ಪಾಠ ಕೊನೆಯದು. ನಾಯಿ ಬಾಯಿಬಿಟ್ಟು ಹೇಳದಿದ್ದರೂ ಮೈಯಿಂದ ಹೇಳುತ್ತದೆ. ನಿದ್ದೆಯಿಲ್ಲದೆ ಮತ್ತೆಮತ್ತೆ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಬಾಲ ಮಡಚುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಮೆಚ್ಚಿನ ತಿನಿಸಿಗೂ ಮುಖ ತಿರುಗಿಸುವುದು, ಇವು ದಣಿವಿನ, ಭಯದ ಗುರುತುಗಳು. ಹೊತ್ತು ಮುಳುಗುತ್ತಿದೆ, ನೂರು ಜನ ಕಾದಿದ್ದಾರೆ, “ಇನ್ನೊಂದೇ ಸಲ, ಸ್ವಾಮಿ” ಎಂದು ಸಹಾಯಕ ನಿರ್ದೇಶಕನು ಕೈಮುಗಿಯುತ್ತಾನೆ. ಆ ಒಂದು ಸಲದ ಬೆಲೆಯನ್ನು ತೆರುವುದು ಅವನಲ್ಲ. ಅಲ್ಲಿರುವ ನೂರು ಜನರಲ್ಲಿ ನಾಯಿಯ ಭಾಷೆ ಬಲ್ಲವನು ಯಜಮಾನನೊಬ್ಬನೇ. ಅವನೂ ಸುಮ್ಮನಾದರೆ ಅದಕ್ಕೆ ಬೇರೆ ದಿಕ್ಕಿಲ್ಲ. ದಿನಕ್ಕೆ ಎಷ್ಟು ಹೊತ್ತು, ಎಂಥ ದೃಶ್ಯ, ಯಾರು ವೈದ್ಯರು ಎಂಬುದನ್ನು ಮೊದಲೇ ಬರೆಹದಲ್ಲಿ ಪಡೆದಿದ್ದರೆ ಆ ಗಳಿಗೆಯಲ್ಲಿ ನಾಲಗೆಗೆ ಬಲ ಬರುತ್ತದೆ.

ಕನ್ನಡದಲ್ಲಿ ‘ಸಾಕು’ ಎಂಬ ಒಂದೇ ಮಾತಿಗೆ ಎರಡು ಅರ್ಥ. ಅನ್ನವಿಟ್ಟು ಬೆಳೆಸುವುದು ಒಂದು. ಇನ್ನು ಬೇಡವೆಂದು ನಿಲ್ಲಿಸುವುದು ಇನ್ನೊಂದು. ಮೊದಲನೆಯದನ್ನು ಮನೆಯಲ್ಲಿ ದಿನವೂ ಮಾಡುವವನಿಗೆ ಚಿತ್ರೀಕರಣದ ಅಂಗಳದಲ್ಲಿ ಎರಡನೆಯದನ್ನು ಹೇಳಲು ಬಾಯಿ ಬಂದರೆ, ಸಂಜೆ ಅರಸೀಕೆರೆಯ ಮನೆಯ ಜಗಲಿಗೆ ಬರುವ ನಾಯಿ, ಹೋಗುವಾಗ ಆಡಿಸಿದ ಬಾಲವನ್ನೇ ಬರುವಾಗಲೂ ಆಡಿಸುತ್ತ ಬರುತ್ತದೆ. ಚಿತ್ರದಲ್ಲಿ ಅದರ ಪಾತ್ರ ಅರೆಗಳಿಗೆ ಕಂಡರೂ ಸರಿ, ಕಾಣದಿದ್ದರೂ ಸರಿ.