ನೀರಿನ ಲೋಟ ಇಡುವ ಕೈ



ಕೆಲವು ತಿಂಗಳ ಹಿಂದೆ ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಕಚೇರಿಗೆ ಬಂದರು. ಮಗನಿಗೆ ನಡತೆ ಪತ್ರ ಬೇಕಾಗಿತ್ತು. ಹುಡುಗ ಪ್ಲಸ್ ಟು ಮುಗಿಸಿದ್ದಾನೆ, ಮಂಗಳೂರಿನಲ್ಲಿ ಕೆಲಸಕ್ಕೆ ಸೇರುತ್ತಾನೆ ಎಂದರು. "ಒಳ್ಳೆಯದಾಯಿತು, ಎಲ್ಲಿ ಕೆಲಸ?" ಎಂದು ಕೇಳಿದೆ. "ಒಂದು ಕಡೆ" ಎಂದರು. ಪತ್ರದಲ್ಲಿ ಬರೆಯಬೇಕಲ್ಲ ಎಂದು ಮತ್ತೊಮ್ಮೆ ಕೇಳಿದಾಗ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಮೆಲ್ಲಗೆ ಹೇಳಿದರು: "ಹೋಟೆಲಿನಲ್ಲಿ ಫಾದರ್. ಸಪ್ಲೈಯರ್. ಇಷ್ಟು ಓದಿಸಿದ್ದು ಕಂಡವರ ಎಂಜಲು ಪ್ಲೇಟು ಎತ್ತಲಿಕ್ಕಾ ಅಂತ ಅವನ ಅಪ್ಪ ಎರಡು ದಿನದಿಂದ ಅವನ ಹತ್ತಿರ ಮಾತಾಡುವುದಿಲ್ಲ."

"ಯಾವ ಕೆಲಸವೂ ಕೀಳಲ್ಲ" ಎಂದು ನಾವೆಲ್ಲ ಹೇಳುವ ಮಾತನ್ನೇ ನಾನೂ ಹೇಳಿ, ಪತ್ರ ಕೊಟ್ಟು ಕಳುಹಿಸಿದೆ. ಅವರು ಹೋದ ಮೇಲೆ ನನ್ನ ಮಾತು ನನಗೇ ಹಗುರವಾಗಿ ಕಂಡಿತು. ಆ ಹುಡುಗ ಮಾಡಲು ಹೊರಟ ಕೆಲಸ ನಿಜವಾಗಿ ಏನು, ಅದನ್ನು ಚೆನ್ನಾಗಿ ಮಾಡುವುದು ಎಂದರೆ ಹೇಗೆ ಎಂದು ನಾನು ಒಂದು ದಿನವೂ ಯೋಚಿಸಿದವನಲ್ಲ. ಮೇಜಿನ ಮುಂದೆ ಕುಳಿತು ತಿಂದು, ಬಿಲ್ಲು ಕೊಟ್ಟು ಎದ್ದು ಬಂದವನು, ಅಷ್ಟೆ.

ಹಾಗಾಗಿ ಆ ತಿಂಗಳು ಮನೆಗಳಿಗೆ ಹೋದಲ್ಲೆಲ್ಲ ಒಂದು ಪ್ರಶ್ನೆ ಕೇಳಿದೆ: "ಹೋಟೆಲಿಗೆ ಹೋದಾಗ ಬಡಿಸುವವನು ಹೇಗಿರಬೇಕು ಅಂತ ನಿಮಗೆ ಆಸೆ?"

ಒಬ್ಬ ಹಿರಿಯರು ಹೇಳಿದರು: "ಕೂತ ಕೂಡಲೇ ಒಂದು ಲೋಟ ನೀರು ಇಡಬೇಕು. ಆಮೇಲೆ ಹತ್ತು ನಿಮಿಷ ಕಾಯಿಸಿದರೂ ಬೇಜಾರಿಲ್ಲ." ಎರಡು ಚಿಕ್ಕ ಮಕ್ಕಳ ತಾಯಿ ಹೇಳಿದರು: "ಮಕ್ಕಳದ್ದು ಮೊದಲು ತರಬೇಕು. ಖಾರ ಉಂಟೋ ಇಲ್ಲವೋ ಸರಿಯಾಗಿ ಹೇಳಬೇಕು." ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, "ಮೆನು ಕೊಟ್ಟು ತಲೆಯ ಮೇಲೆ ನಿಲ್ಲಬಾರದು" ಎಂದಳು. ಮನೆಯ ಯಜಮಾನರೊಬ್ಬರು, "ನಾವು ಹೇಳದ್ದು ಬಿಲ್ಲಿನಲ್ಲಿ ಇರಬಾರದು" ಎಂದು ನಕ್ಕರು. ರುಚಿಯ ವಿಚಾರವನ್ನು ಯಾರೂ ಎತ್ತಲಿಲ್ಲ. ರುಚಿ ಒಳಗೆ ಒಲೆಯ ಮುಂದೆ ಇರುವ ಭಟ್ಟರದ್ದು ಎಂದು ಎಲ್ಲರಿಗೂ ಗೊತ್ತಿದೆ. ಬಡಿಸುವವನಿಂದ ನಾವು ಬಯಸುವುದು ಬೇರೆ.

ಆ ಹಿರಿಯರ ಒಂದು ಲೋಟ ನೀರನ್ನೇ ತೆಗೆದುಕೊಳ್ಳಿ. ಅದು ಬಾಯಾರಿಕೆಗಾಗಿ ಮಾತ್ರ ಅಲ್ಲ. 'ನೀವು ಬಂದದ್ದನ್ನು ನಾನು ನೋಡಿದ್ದೇನೆ' ಎಂಬ ಮಾತು ಅದು. ತುಂಬಿದ ಹೋಟೆಲಿನಲ್ಲಿ ಮೂಲೆಯ ಮೇಜಿಗೆ ಕುಳಿತು, ಅತ್ತಿತ್ತ ಓಡಾಡುವವರ ಕಣ್ಣಿಗೆ ಬೀಳದೆ ಹೋದರೆ ಎಷ್ಟು ಹಿಂಸೆಯಾಗುತ್ತದೆ ಎಂದು ನಮಗೆ ಗೊತ್ತು. ಪಕ್ಕದಲ್ಲಿ ಹಾದುಹೋಗುವಾಗ "ಈಗ ಬಂದೆ" ಎಂದು ಒಂದು ಮಾತು ಹೇಳಿದರೂ ಸಾಕು, ಮನಸ್ಸು ತಣ್ಣಗಾಗುತ್ತದೆ. ತಡವಾದದ್ದಕ್ಕಿಂತ ನಮ್ಮನ್ನು ಗಮನಿಸಲಿಲ್ಲ ಎಂಬುದು ಹೆಚ್ಚು ನೋಯಿಸುತ್ತದೆ.

ಎರಡನೆಯದು ಶುಚಿ. ನಾಲ್ಕು ಲೋಟಗಳೊಳಗೆ ನಾಲ್ಕು ಬೆರಳು ಅದ್ದಿ ನೀರು ತಂದಿಟ್ಟರೆ ಕುಡಿಯುವುದು ಹೇಗೆ? ಮೇಜು ಒರೆಸುವ ಬಟ್ಟೆಯಿಂದ ಎಂಜಲನ್ನು ಗಿರಾಕಿಯ ಮಡಿಲಿಗೆ ತಳ್ಳುವವರೂ ಇದ್ದಾರೆ, ತನ್ನ ಕಡೆಗೆ ಎಳೆದುಕೊಂಡು ತಟ್ಟೆಗೆ ಹಾಕಿಕೊಳ್ಳುವವರೂ ಇದ್ದಾರೆ. ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್., 1924ರಲ್ಲಿ ಆರಂಭವಾದದ್ದು. ಕಟ್ಟಿದವರು ಉಡುಪಿ ಕಡೆಯಿಂದ ಹೋದ ಮಯ್ಯ ಸಹೋದರರು. ಅವರಲ್ಲಿ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳು ನಡೆಯುವ ರೀತಿಯನ್ನು ನೋಡಿ ಬಂದರು. ಬಂದವರು ಪಾತ್ರೆಗಳನ್ನು ಹಬೆಯಿಂದ ಶುದ್ಧಗೊಳಿಸುವ ಪದ್ಧತಿಯನ್ನು ತಮ್ಮಲ್ಲಿ ತಂದರು. ತಿಂಡಿಯ ರುಚಿಗೆ ಅವರ ಹೋಟೆಲು ಆಗಲೇ ಹೆಸರಾಗಿತ್ತು. ಆದರೂ ತಿನ್ನುವವನಿಗೆ ತಟ್ಟೆಯ ಮೇಲೆ ನಂಬಿಕೆ ಬರಬೇಕು ಎಂದು ಅವರು ಅಷ್ಟು ದೂರ ಹೋಗಿ ಕಲಿತರು.

ಮೂರನೆಯದು ಸತ್ಯ. "ಬನ್ಸ್ ಬೆಳಗ್ಗಿನದ್ದು, ಬೇಡ. ಗೋಳಿಬಜೆ ಈಗಷ್ಟೇ ಎಣ್ಣೆಯಿಂದ ತೆಗೆದದ್ದು, ಅದು ತರ್ತೇನೆ" ಎನ್ನುವ ಸಪ್ಲೈಯರ್ ಸಿಕ್ಕಿದರೆ ಆ ಹೋಟೆಲನ್ನು ನಾವು ಬಿಡುವುದಿಲ್ಲ. ಮೀನಿನ ಊಟದಲ್ಲಂತೂ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಕರ್ನಾಟಕದ ಕರಾವಳಿಯಲ್ಲಿ 61 ದಿನ, ನಮ್ಮ ಕೇರಳದಲ್ಲಿ 52 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ "ಅಂಜಲ್ ಐಸಿನದ್ದು, ಇವತ್ತು ಬೇಡ" ಎಂದು ಮೆಲ್ಲಗೆ ಹೇಳುವವನು ಮಾಲಿಕನಿಗೆ ಒಂದು ಪ್ಲೇಟು ನಷ್ಟ ಮಾಡಿರಬಹುದು, ಒಂದು ಕುಟುಂಬವನ್ನು ಸಂಪಾದಿಸಿ ಕೊಟ್ಟಿರುತ್ತಾನೆ.

ಬಿಲ್ಲಿನ ಸತ್ಯವೂ ಹಾಗೆಯೇ. ದೊಡ್ಡ ಹೋಟೆಲುಗಳಲ್ಲಿ 'ಸರ್ವಿಸ್ ಚಾರ್ಜ್' ಎಂದು ತಾವಾಗಿಯೇ ಸೇರಿಸಿ ಬಿಲ್ಲು ಕೊಡುವುದುಂಟು. ಹಾಗೆ ಕೇಳದೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಮಾರ್ಗಸೂಚಿ ಹೊರಡಿಸಿತು. ಹೋಟೆಲು ಮಾಲಿಕರ ಸಂಘಗಳು ನ್ಯಾಯಾಲಯಕ್ಕೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟು ಆ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಕೊಡುವುದು ಬಿಡುವುದು ತಿಂದವರ ಇಷ್ಟ. ಇಂತಹ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ಒಂದು ಮಾತು: ಆ ಗೆರೆಯನ್ನು ಬಿಲ್ಲಿಗೆ ಸೇರಿಸಿದವನು ಬಿಲ್ಲು ತಂದ ಹುಡುಗನಲ್ಲ. ಅವನ ಮೇಲೆ ರೇಗಬೇಡಿ. ಗಲ್ಲಾದಲ್ಲಿ ಕುಳಿತವರ ಹತ್ತಿರ ಮಾತಾಡಿ. ಹುಡುಗನ ಕೆಲಸ ಮೆಚ್ಚಿಕೆಯಾದರೆ ಹತ್ತೋ ಇಪ್ಪತ್ತೋ ಅವನ ಕೈಗೇ ಕೊಡಿ.

ನಾಲ್ಕನೆಯದು ನಮ್ಮಂತಹ ಗಡಿನಾಡಿನವರಿಗೆ ಚೆನ್ನಾಗಿ ಅರ್ಥವಾಗುವ ವಿಷಯ: ಭಾಷೆ. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಎನ್ನುತ್ತಾರೆ. ಇಲ್ಲಿ ಹಳಬ ಸಪ್ಲೈಯರ್ ಒಬ್ಬ ಬಾಗಿಲಲ್ಲಿ ಬರುವವರ ಮುಖ ನೋಡಿಯೇ ತುಳುವೋ, ಮಲಯಾಳವೋ, ಕನ್ನಡವೋ, ಕೊಂಕಣಿಯೋ, ಬ್ಯಾರಿಯೋ ಎಂದು ನಿರ್ಧರಿಸಿ ಮಾತಾಡಿಸುತ್ತಾನೆ. 1956ರಲ್ಲಿ ರಾಜ್ಯಗಳ ಗಡಿ ಬದಲಾದಾಗಿನಿಂದ ಎಷ್ಟೋ ಕಚೇರಿಗಳ ಮುಂದೆ ನಮ್ಮ ಭಾಷೆಯಲ್ಲಿ ಒಂದು ಅರ್ಜಿಗಾಗಿ ಅಲೆದವರು ನಾವು. "ಎಂತ ಬೇಕು?" ಎಂದು ನಮ್ಮ ಮಾತಿನಲ್ಲೇ ಕೇಳಿದರೆ ಎಷ್ಟು ಹಿತವಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ಅನೇಕ ಹೋಟೆಲುಗಳಲ್ಲಿ ಬಡಿಸುವವರು ಅಸ್ಸಾಂ, ಬಂಗಾಳ, ಒಡಿಶಾದಿಂದ ಬಂದ ಹುಡುಗರು. ಅವರ ಬಾಯಲ್ಲಿ 'ನೀರುದೋಸೆ' ಸ್ವಲ್ಪ ಓರೆಯಾದರೆ ನಮ್ಮ ಮಕ್ಕಳು ನಗುತ್ತಾರೆ. ನಗುವ ಮೊದಲು ಯೋಚಿಸೋಣ: ಆ ಹುಡುಗ ಬಂದು ಆರು ತಿಂಗಳಾಗಿರಬಹುದು, ಅಷ್ಟರಲ್ಲಿ ನಮಗಾಗಿ ಎರಡು ಭಾಷೆ ಕಲಿತಿದ್ದಾನೆ. ಅವನ ಭಾಷೆಯ ಒಂದು ಪದ ನಮಗೆ ಗೊತ್ತಿದೆಯೇ?

ಇನ್ನು ನೆನಪು. ಮೇಜಿನಲ್ಲಿ ಐದು ಜನ ಐದು ಬಗೆ ಹೇಳಿದರೂ ಚೀಟಿ ಇಲ್ಲದೆ ಒಳಗೆ ಕೂಗಿ ಹೇಳಿ, ಯಾರ ಮುಂದೆ ಯಾವುದು ಎಂದು ಕೇಳದೆ ಇಡುವವರಿದ್ದಾರೆ. ಎಲ್ಲರದ್ದೂ ಒಟ್ಟಿಗೆ ಬರಬೇಕು, ಒಬ್ಬ ತಿನ್ನುವಾಗ ಇನ್ನೊಬ್ಬ ಬಾಯಿ ನೋಡಬಾರದು ಎಂಬುದು ನಮ್ಮ ಆಸೆ. ಈ ಮಾತು ಬಂದಾಗ ನನ್ನ ಒಂದು ತಪ್ಪನ್ನು ನಿಮ್ಮ ಮುಂದೆ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ಒಂದು ಸಭೆ ಮುಗಿಸಿ ನಾವು ಮೂವರು ಗುರುಗಳು ದಾರಿಯ ಹೋಟೆಲೊಂದಕ್ಕೆ ಹೋದೆವು. ಮಧ್ಯಾಹ್ನ ಎರಡೂವರೆ ದಾಟಿತ್ತು. ಹಸಿವು, ಜೊತೆಗೆ ಸಭೆಯಲ್ಲಿ ನನ್ನ ಮಾತು ನಡೆಯದ ಸಿಟ್ಟು. ಇಬ್ಬರ ದೋಸೆ ಬಂತು, ನನ್ನದು ಬರಲಿಲ್ಲ. ಎರಡು ಸಲ ನೆನಪಿಸಿದೆ. ಮೂರನೆಯ ಸಲ "ಕಿವಿ ಕೇಳುವುದಿಲ್ಲವಾ ನಿನಗೆ?" ಎಂದು ಜೋರಾಗಿ ಹೇಳಿಬಿಟ್ಟೆ. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ಹುಡುಗ "ಈಗ ತರ್ತೇನೆ ಸರ್" ಎಂದಷ್ಟೇ ಹೇಳಿದ. ಕೈ ತೊಳೆಯಲು ಹೋದಾಗ ಅಡುಗೆಮನೆಯ ಬಾಗಿಲು ತೆರೆದಿತ್ತು. ಒಳಗೆ ದೋಸೆ ಹುಯ್ಯುವವರು, "ಮೂರು ಸಲ ಬಂದು ತಲೆ ತಿನ್ನಬೇಡ, ಕಾವಲಿ ಒಂದೇ ಇರುವುದು" ಎಂದು ಅದೇ ಹುಡುಗನಿಗೆ ಬೈಯುತ್ತಿದ್ದರು. ಅವನು ಗೋಡೆಗೆ ಒರಗಿ, ಒಂದು ಕಾಲನ್ನು ಚಪ್ಪಲಿಯಿಂದ ಹೊರಗೆ ತೆಗೆದು ಇನ್ನೊಂದು ಕಾಲಿನ ಮೀನಖಂಡಕ್ಕೆ ಉಜ್ಜುತ್ತಾ ನಿಂತಿದ್ದ. ಬೆಳಗ್ಗಿನಿಂದ ನಿಂತ ಕಾಲು ಅದು ಎಂದು ನೋಡಿದರೇ ತಿಳಿಯುತ್ತಿತ್ತು.

ಆಮೇಲೆ ಕಾಫಿ ತಂದ. ಬರುವಾಗಲೇ "ನನಗೆ ಸಕ್ಕರೆ ಕಡಿಮೆ" ಎಂದು ಹೇಳಿದ್ದೆ. ಬೈದ ಗಲಾಟೆಯಲ್ಲಿ ನಾನೇ ಮರೆತಿದ್ದೆ. ಅವನು ಮರೆತಿರಲಿಲ್ಲ. ಕುಡಿದೆ, ದುಡ್ಡು ಕೊಟ್ಟೆ, ಒಂದು ಮಾತೂ ಆಡದೆ ಎದ್ದು ಬಂದೆ. ಆ ಕಾಫಿಯ ಋಣ ನನ್ನ ಮೇಲೆ ಇನ್ನೂ ಇದೆ.

ಸಪ್ಲೈಯರ್ ಎಂದರೆ ಎರಡು ಸಿಟ್ಟುಗಳ ನಡುವೆ ಓಡಾಡುವವನು. ಒಳಗೆ ಬೆಂಕಿಯ ಮುಂದೆ ನಿಂತವರ ಸಿಟ್ಟು, ಹೊರಗೆ ಹಸಿದವರ ಸಿಟ್ಟು. ಎರಡನ್ನೂ ನುಂಗಿಕೊಂಡು ಮೂರನೆಯ ಮೇಜಿಗೆ ನಗುತ್ತಾ ನೀರು ಇಡಬೇಕು. ಇದು ಪ್ಲೇಟು ಎತ್ತುವ ಕೆಲಸ ಮಾತ್ರವೇ?

ನಾವು ಅವನಿಂದ ಇಷ್ಟೆಲ್ಲ ಬಯಸುವಾಗ ಅವನಿಗೂ ನಮ್ಮಿಂದ ಕೆಲವು ಬೇಕಿರುತ್ತದೆ. ಚಿಟಿಕೆ ಹೊಡೆದು, 'ಶ್ಶ್' ಎಂದು ಕರೆಯಬಾರದು. ಅವನು ಬಂದು ನಿಂತಾಗ ಫೋನಿನಲ್ಲಿ ಮಾತಾಡುತ್ತಾ ಬೆರಳು ತೋರಿಸಬಾರದು. ಏನು ಬೇಕೆಂದು ಮೊದಲೇ ಯೋಚಿಸಿ ಒಮ್ಮೆಗೆ ಹೇಳಬೇಕು. ಮಗು ಸಾಂಬಾರು ಚೆಲ್ಲಿದರೆ "ಬೇಜಾರು ಮಾಡ್ಬೇಡಿ" ಎನ್ನಬೇಕು. ತಪ್ಪಾದರೆ ಅವನಿಗೇ ಮೆಲ್ಲಗೆ ಹೇಳಬೇಕು. ಧಣಿಯ ಮುಂದೆ ಕೂಗಾಡಿ ಅವನ ಸಂಬಳಕ್ಕೆ ಕೈ ಹಾಕಬಾರದು. ಕುಳಿತುಕೊಳ್ಳುವ ಹಕ್ಕಿನ ಮಾತೂ ಇದೆ. ಜವಳಿ ಅಂಗಡಿಗಳಲ್ಲಿ ದಿನವಿಡೀ ನಿಲ್ಲಬೇಕಾಗಿದ್ದ ಹೆಣ್ಣುಮಕ್ಕಳು ಹೋರಾಡಿದ್ದರಿಂದ ಕೇರಳ 2018ರಲ್ಲಿ ತನ್ನ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯನ್ನು ತಿದ್ದಿ, ಕೆಲಸದವರಿಗೆ ಕೂರಲು ಆಸನ ಇರಬೇಕು ಎಂದು ವಿಧಿಸಿತು. ತಮಿಳುನಾಡು 2021ರಲ್ಲಿ ಹಾಗೆಯೇ ಮಾಡಿತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೆಲಸದ ಹುಡುಗನೊಬ್ಬ ಸ್ಟೂಲಿನ ಮೇಲೆ ಕುಳಿತಿದ್ದರೆ ಅದು ಸೋಮಾರಿತನವಲ್ಲ.

ಆ ಹುಡುಗನ ಅಪ್ಪನಿಗೂ ಒಂದು ಮಾತು ಹೇಳಬೇಕೆಂದಿದ್ದೆ. ನಮ್ಮ ಈ ಕರಾವಳಿಯಿಂದ ಹಿಂದಿನ ತಲೆಮಾರಿನ ಹುಡುಗರು ಬೊಂಬಾಯಿಗೆ ಹೋಗಿ ಉಡುಪಿ ಹೋಟೆಲುಗಳಲ್ಲಿ ಲೋಟ ತೊಳೆದರು, ಮೇಜು ಒರೆಸಿದರು, ಬಡಿಸಿದರು. ಸಂಜೆ ಕೆಲಸ ಬಿಟ್ಟ ಮೇಲೆ ಕನ್ನಡ ರಾತ್ರಿಶಾಲೆಗಳಿಗೆ ಹೋಗಿ ಓದಿ ಪಾಸಾದರು. ಬ್ಯಾಂಕು, ವಕೀಲಿಕೆ, ಸ್ವಂತ ವ್ಯಾಪಾರ ಎಂದು ಮೇಲೆ ಬಂದವರಲ್ಲಿ ಹಾಗೆ ಓದಿದವರು ಎಷ್ಟೋ ಮಂದಿ. ಮದರಾಸಿನಲ್ಲಿ 1938ರಲ್ಲಿ ವುಡ್‌ಲ್ಯಾಂಡ್ಸ್ ತೆರೆದ ಕೃಷ್ಣರಾಯರೂ ಅಡುಗೆಮನೆಯ ಚಾಕರಿಯಿಂದಲೇ ಆರಂಭಿಸಿದವರು. ಆದರೆ ಮುಂದೆ ಮಾಲಿಕನಾದರೆ ಮಾತ್ರ ಈ ಕೆಲಸಕ್ಕೆ ಬೆಲೆ ಎಂದು ನಾನು ಹೇಳುವುದಿಲ್ಲ. ಮೂವತ್ತು ವರ್ಷ ಸಪ್ಲೈಯರ್ ಆಗಿಯೇ ಇದ್ದು, ಮಕ್ಕಳನ್ನು ಓದಿಸಿ, ಗಿರಾಕಿಗಳಿಂದ "ಅವರು ಎಲ್ಲಿ, ಇವತ್ತು ಕಾಣುವುದಿಲ್ಲ?" ಎಂದು ಕೇಳಿಸಿಕೊಂಡವರೂ ಇದ್ದಾರೆ. ಅದೂ ಒಂದು ಸಂಪಾದನೆಯೇ.

ನನ್ನ ಮಾತು ಆ ಅಪ್ಪನವರೆಗೆ ಹೋಗಬೇಕಾಗಿ ಬರಲಿಲ್ಲ. ನಮ್ಮ ವಾರ್ಷಿಕ ಹಬ್ಬಕ್ಕೆ ಹುಡುಗ ರಜೆ ಹಾಕಿ ಬಂದಿದ್ದ. ಮಧ್ಯಾಹ್ನದ ಊಟಕ್ಕೆ ಬಡಿಸಲು ಯುವಕರ ಜೊತೆ ಸೇರಿಕೊಂಡ. ಉಳಿದವರು ಬಾಗಿಲ ಹತ್ತಿರದ ಸಾಲಿನಿಂದ ಆರಂಭಿಸಿದರೆ ಇವನು ಬಕೆಟು ಹಿಡಿದು ಸೀದಾ ಕೊನೆಯ ಸಾಲಿಗೆ ಹೋದ. ಪ್ರತಿವರ್ಷ ಅನ್ನ ಆರಿದ ಮೇಲೆ ಸಾಂಬಾರು ತಲುಪುವುದು ಅಲ್ಲಿ ಕೂರುವ ಅಜ್ಜಿಯಂದಿರಿಗೆ. ಒಬ್ಬೊಬ್ಬರಿಗೂ ಮೊದಲು ನೀರು ಇಟ್ಟ, ಬಗ್ಗಿ ಕೇಳಿ ಬಡಿಸಿದ. ಕೈ ನಡುಗುವ ಒಬ್ಬರಿಗೆ ಲೋಟವನ್ನು ಅರ್ಧ ಮಾತ್ರ ತುಂಬಿಸಿದ. ಯಾರೂ ಅವನಿಗೆ ಹೇಳಿರಲಿಲ್ಲ.

ಅವನ ಅಪ್ಪ ಮಧ್ಯದ ಸಾಲಿನಲ್ಲಿ ಕುಳಿತಿದ್ದರು. ಮಗ ಎದುರಿಗೆ ಬಂದಾಗ ತಲೆ ಎತ್ತಿ ನೋಡಿ, "ಇನ್ನು ಸ್ವಲ್ಪ ಹಾಕು" ಎಂದರು. ಅದು ಸಾಂಬಾರಿಗೆ ಹೇಳಿದ ಮಾತೋ, ಮಗನಿಗೆ ಹೇಳಿದ ಮಾತೋ ನನಗೆ ಗೊತ್ತಿಲ್ಲ. ತಾಯಿ ಮಾತ್ರ ಎಲ್ಲರ ಊಟ ಮುಗಿಯುವವರೆಗೆ ಕಾದು, ಮಗನನ್ನು ಕೂರಿಸಿ ತಾವೇ ಬಡಿಸಿದರು.

ಈ ತಿಂಗಳು ಮನೆಯವರೆಲ್ಲ ಸೇರಿ ಹೋಟೆಲಿಗೆ ಹೋಗುವುದಿದ್ದರೆ, ನೀರಿನ ಲೋಟ ಇಟ್ಟ ಕೂಡಲೇ ಆ ಹುಡುಗನ ಹೆಸರು ಕೇಳಿ. ಹೊರಡುವಾಗ ಅದೇ ಹೆಸರು ಹಿಡಿದು "ಊಟ ಚೆನ್ನಾಗಿತ್ತು" ಎಂದು ಹೇಳಿ ಬನ್ನಿ. ಮನೆಯಲ್ಲಿ ದಿನಾಲೂ ಎಲ್ಲರಿಗೆ ಬಡಿಸಿ ಕೊನೆಗೆ ಕೂರುವವರು ಯಾರೆಂದು ನಿಮಗೆ ಗೊತ್ತು. ಒಂದು ರಾತ್ರಿ ಅವರನ್ನು ಮೊದಲು ಕೂರಿಸಿ. ಮಕ್ಕಳೇ ಬಡಿಸಲಿ. ಲೋಟವನ್ನು ಕೆಳಗಿನಿಂದ ಹಿಡಿಯಲು ಅವರಿಗೆ ಈಗಲೇ ಕಲಿಸಿಕೊಡಿ.