ಗುಜರಿಯಲ್ಲಿ ಬಾಂಬರ್ ವಿಮಾನ!

ಯುದ್ಧದ ಸಿನಿಮಾದಲ್ಲಿ ವಿಮಾನದ ಬಾಲದಲ್ಲಿ ಕೂತು ಗುಂಡು ಹಾರಿಸೋ ಗಾಜಿನ ಗೂಡು ನೋಡಿದ್ದೀರಲ್ಲ? ಅದೇ ಟರೆಟ್ಟು. ಅದರದ್ದೇ ಅಂತ ಗೆಳೆಯನೊಬ್ಬ ಬೆಂಗಳೂರಿನ ಗುಜರಿಯಿಂದ ಒಂದು ಹಲ್ಲಿನ ಬಳೆ ಹೊತ್ತು ಮಾಂಬಳ್ಳಿಗೆ ಬಂದ. ತೆತ್ತಿದ್ದು ನಾಲ್ಕು ಸಾವಿರ. ನಮ್ಮೂರ ಮೆಕ್ಯಾನಿಕ್ಕು ನೋಡಿ, 'ಇದು ಆಲೆಮನೆ ಗಾಣದ್ದು ಕಣಣ್ಣೋ' ಅಂದುಬಿಟ್ಟ!

ನಗಬೇಡಿ. ಬೆಂಗಳೂರಲ್ಲಿ ಇಂಥದ್ದು ಸಿಗೋದಕ್ಕೆ ಕಾರಣವಿದೆ. 1943ರಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕನ್ನರ ಉಸ್ತುವಾರಿಯಲ್ಲಿ ಯುದ್ಧವಿಮಾನ ರಿಪೇರಿ ಮಾಡ್ತಿತ್ತು. ಯುದ್ಧ ಮುಗಿದ ಮೇಲೆ, ಕಾನ್ಪುರದಲ್ಲಿ ಬೇಕೆಂದೇ ಕೆಡಿಸಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರುಗಳನ್ನು, ಒಂದಲ್ಲ ಎರಡಲ್ಲ, ನಲವತ್ತರಷ್ಟು, ಪೈಲಟ್ ಜಿಮ್ಮಿ ಮುನ್ಷಿ ಬೆಂಗಳೂರಿಗೆ ಹಾರಿಸಿ ತಂದರು. ಎಂಥಾ ಗುಂಡಿಗೆ! ಇವರ ಮುಂದೆ ಯಾವ ಸ್ಟಂಟ್ ಹೀರೋ? ರಿಪೇರಿಯಾದ ವಿಮಾನಗಳು 1968ರವರೆಗೂ ನಮ್ಮ ವಾಯುಪಡೆಯಲ್ಲಿದ್ದವು.

ಸರಿ, ಗುರುತು ಹಿಡಿಯೋದು ಹೇಗೆ? ಹೆಸರಿನ ತಗಡು ಇದ್ದರೆ ಅರ್ಧ ಕೆಲಸ ಮುಗೀತು. ಇಲ್ಲದಿದ್ದರೆ ಡೀಸೆಲ್ಲಲ್ಲಿ ಉಜ್ಜಿ, ಕೊರೆದ ಅಂಕಿ ಹುಡುಕಿ. ಲಿಬರೇಟರ್ ಭಾಗಗಳ ನಂಬರು ಸಾಮಾನ್ಯವಾಗಿ 32ರಿಂದ ಶುರು, ಅದೇ ಕಂಪನಿಯ ಕ್ಯಾಟಲಿನಾದ್ದು 28ರಿಂದ. ಆದರೆ ಟರೆಟ್ಟೆಲ್ಲ ಒಂದೇ ಕಂಪನಿಯದಲ್ಲ. ಬೆನ್ನ ಮೇಲಿನದು ಮಾರ್ಟಿನ್, ಕರೆಂಟಿನಲ್ಲಿ ತಿರುಗುವಂಥದ್ದು. ಮೋಟಾರು, ವೈರಿನ ಜಾಡು ಕಾಣಬೇಕು. ಬಾಲದ್ದು ಎಣ್ಣೆಯ ಒತ್ತಡದಲ್ಲಿ ತಿರುಗುವಂಥದ್ದು. ಪೈಪು ಕೂಡಿಸುವ ಜಾಗ ಹುಡುಕಿ. ಬರೀ ಹಲ್ಲು ನೋಡಿ ದುಡ್ಡು ಕೊಟ್ಟರೆ, ಮೆಕ್ಯಾನಿಕ್ಕು ಹೇಳಿದ್ದೇ ನಿಜವಾದೀತು.

ಗೆಳೆಯನ ಬಳೆ ಉಜ್ಜಿದೆವು. ಒಂದು 3 ಕಂಡಿತು. ಮುಂದಿನದು 2 ಅಂತ ಅವನು, 8 ಅಂತ ಮೆಕ್ಯಾನಿಕ್ಕು. ಮತ್ತೆ ಡೀಸೆಲ್ಲಲ್ಲಿ ನೆನೆಹಾಕಿದ್ದೇವೆ.