ರೆಫರಿಯ ಸೀಟಿ ಯಾರ ಕಡೆ?

ಹುಳಿಮಾವಿನ ಪರಿಚಿತರೊಬ್ಬರ ಮಗ ಅಂತರಕಾಲೇಜು ಫುಟ್‌ಬಾಲ್ ಪಂದ್ಯ ಸೋತು ಮನೆಗೆ ಬಂದ. ಬೂಟಿನ ದಾರ ಬಿಚ್ಚುವ ಮೊದಲೇ ತೀರ್ಪು ಹೇಳಿಬಿಟ್ಟ: 'ಅವರದು ದೊಡ್ಡ ಟೀಮು ಅಪ್ಪಾ. ರೆಫರಿ ಅವರ ಕಡೆಗೇ ಇದ್ದ.' ಅಪ್ಪನೂ ತಲೆಯಾಡಿಸಿ, 'ಎಲ್ಲ ಕಡೆಯೂ ಹೀಗೇ ಕಣೋ' ಎಂದರಂತೆ.

ಮಗನ ಸಮಾಧಾನಕ್ಕೆ ಆಡಿದ ಮಾತು, ನಿಜ. ಆದರೆ ಅದು ಸುಳ್ಳಾಗಿದ್ದರೆ, ಹುಡುಗ ಅದನ್ನೇ ನಾಳೆ ಪರೀಕ್ಷೆಯ ಅಂಕಕ್ಕೂ ನಾಡಿದ್ದು ಕೆಲಸದ ಸಂದರ್ಶನಕ್ಕೂ ಹೊತ್ತೊಯ್ಯುತ್ತಾನೆ. ಸತ್ಯವಾಗಿದ್ದರೆ ನಾವು ಸುಮ್ಮನಿರುವುದು ತಪ್ಪು. ಆದ್ದರಿಂದ ಸ್ವಲ್ಪ ವಿಚಾರಿಸಿ ನೋಡೋಣ.

ಬೆಂಗಳೂರಿಗೆ ಈ ಜಗಳ ಹೊಸದಲ್ಲ. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಇಂಡಿಯನ್ ಸೂಪರ್ ಲೀಗ್ ಪ್ಲೇಆಫ್ ಪಂದ್ಯ. 90 ನಿಮಿಷ ಕಳೆದರೂ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ಅಡ್ಡಗೋಡೆಯಾಗಿ ನಿಲ್ಲುವ ಮೊದಲೇ ಸುನಿಲ್ ಚೆಟ್ರಿ ಚೆಂಡನ್ನು ಗೋಲಿನೊಳಕ್ಕೆ ಕಳಿಸಿದರು. ರೆಫರಿ ಗೋಲು ಕೊಟ್ಟರು. 'ನಾವು ಸಿದ್ಧರಾಗಿರಲಿಲ್ಲ' ಎಂದು ಕೇರಳದವರ ತಕರಾರು. ಕೋಚ್ ಇವಾನ್ ವುಕೊಮನೋವಿಚ್ ಇಡೀ ತಂಡವನ್ನೇ ಮೈದಾನದಿಂದ ಹೊರಗೆ ಕರೆದೊಯ್ದರು. ಗೆಲುವು ಬೆಂಗಳೂರಿನ ಪಾಲಾಯಿತು. ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ.

ನಿಯಮ ಏನು ಹೇಳುತ್ತದೆ? ಎದುರಾಳಿಗಳು 9.15 ಮೀಟರ್ ದೂರ ಸರಿಯಲಿ ಎಂದು ಒದೆಯುವ ತಂಡ ಕೇಳಿಕೊಂಡರೆ ಸೀಟಿಗೆ ಕಾಯಬೇಕು. ಕೇಳದಿದ್ದರೆ ಥಟ್ಟನೆ ಒದೆಯಲು ರೆಫರಿ ಬಿಡಬಹುದು. ಎದುರಾಳಿ ಸಿದ್ಧನಾಗುವವರೆಗೆ ಕಾಯಬೇಕೆಂಬ ಕಟ್ಟಳೆ ಇಲ್ಲ. ನಿಯಮ ತಿಳಿಯದವನ ಕಣ್ಣಿಗೆ ಅದು ಅನ್ಯಾಯ, ತಿಳಿದವನ ಕಣ್ಣಿಗೆ ಜಾಣತನ.

ಹಾಗಾದರೆ ಪಕ್ಷಪಾತವೇ ಇಲ್ಲವೆ? ಇದೆ. ಆದರೆ ನಾವು ಊಹಿಸುವ ರೂಪದಲ್ಲಿ ಅಲ್ಲ. 2002ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ 40 ಮಂದಿ ಅರ್ಹ ರೆಫರಿಗಳಿಗೆ ಒಂದೇ ಪಂದ್ಯದ ವಿಡಿಯೊ ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಗದ್ದಲದೊಂದಿಗೆ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿದವರು ಆತಿಥೇಯ ತಂಡದ ವಿರುದ್ಧ ಶೇಕಡಾ 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಸ್ಪೇನಿನ ಲೀಗ್ ಪಂದ್ಯಗಳನ್ನು ಲೆಕ್ಕ ಹಾಕಿದ ಅರ್ಥಶಾಸ್ತ್ರಜ್ಞರಿಗೆ ಇನ್ನೊಂದು ಸಂಗತಿ ಕಂಡಿತು. ಆತಿಥೇಯರು ಒಂದು ಗೋಲು ಮುಂದಿದ್ದಾಗ ಕೊನೆಯಲ್ಲಿ ಸೇರಿಸುವ ಸಮಯ ಸುಮಾರು 2 ನಿಮಿಷ. ಒಂದು ಗೋಲು ಹಿಂದಿದ್ದಾಗ ಸುಮಾರು 4 ನಿಮಿಷ! 2020ರಲ್ಲಿ ಕೊರೊನಾದಿಂದ ಕ್ರೀಡಾಂಗಣಗಳು ಖಾಲಿಯಾದಾಗ ಆತಿಥೇಯರಿಗೆ ಹಳದಿ ಕಾರ್ಡಿನಲ್ಲಿ ಸಿಗುತ್ತಿದ್ದ ರಿಯಾಯಿತಿಯೂ ಕುಗ್ಗಿತು.

ಈ ರೆಫರಿಗಳು ಯಾರಿಂದಲೂ ಹಣ ತಿಂದವರಲ್ಲ. ಅವರ ಕಿವಿ ಗದ್ದಲದ ಕಡೆ ವಾಲಿತು, ಅಷ್ಟೆ. ಕಾಲೇಜು ಪಂದ್ಯದಲ್ಲಿ ಹೆಸರಾದ ತಂಡದ ಹಿಂದೆ ಹೆಚ್ಚು ಗೆಳೆಯರು, ಹೆಚ್ಚು ಕೂಗು ಇರುತ್ತದೆ. ದೊಡ್ಡ ಟೀಮಿನ ಕಡೆ ಸೀಟಿ ವಾಲಿದರೆ, ಅದು ಈ ದಾರಿಯಿಂದಲೂ ಬಂದಿರಬಹುದು.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಬಲವಾದ ತಂಡಕ್ಕೆ ಪೆನಾಲ್ಟಿ ಹೆಚ್ಚು ಸಿಕ್ಕಿತು ಎಂದಾಕ್ಷಣ ಪಕ್ಷಪಾತ ಸಾಬೀತಾಗುವುದಿಲ್ಲ. ಅವರು ಎದುರಾಳಿಯ ಪೆನಾಲ್ಟಿ ಆವರಣದಲ್ಲೇ ಹೆಚ್ಚು ಹೊತ್ತು ಆಡುತ್ತಾರೆ, ದಣಿದ ರಕ್ಷಕ ತಡವಾಗಿ ಕಾಲು ಹಾಕುತ್ತಾನೆ, ಫೌಲ್ ಆಗುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಅದೇ ತಪ್ಪನ್ನು ಎರಡೂ ತಂಡದವರು ಮಾಡಿದಾಗ ಸೀಟಿ ಎರಡೂ ಸಲ ಮೊಳಗಿತೆ?

ವಿದ್ಯಾರ್ಥಿ ಮಿತ್ರರೆ, ಮುಂದಿನ ಸಲ ಸೋತಾಗ ಒಂದು ಹಾಳೆ ತೆಗೆದುಕೊಳ್ಳಿ. ನಿಮಗೆ ಅನ್ಯಾಯ ಎನಿಸಿದ ಪ್ರತಿ ತೀರ್ಪನ್ನೂ ನಿಮಿಷ ಸಹಿತ ಬರೆಯಿರಿ. ಪಕ್ಕದಲ್ಲೇ ನಿಮಗೆ ತಪ್ಪಾಗಿ ದಕ್ಕಿದ ತೀರ್ಪುಗಳನ್ನೂ ಬರೆಯಿರಿ. ಎರಡನೆಯ ಸಾಲು ಖಾಲಿ ಉಳಿದರೆ, ವಾಲಿದ್ದು ರೆಫರಿಯೋ ನೀವೋ ಎಂದು ಮತ್ತೊಮ್ಮೆ ಯೋಚಿಸಿ. ಆಮೇಲೂ ದೂರು ಉಳಿದರೆ ನಾಯಕನ ಮೂಲಕ, ಸಂಘಟಕರಿಗೆ ಬರವಣಿಗೆಯಲ್ಲಿ ಕೊಡಿ. ಮೈದಾನ ಬಿಟ್ಟು ನಡೆದರೆ ದೂರಿನ ಜೊತೆಗೆ ಪಂದ್ಯವೂ ಹೋಗುತ್ತದೆ.

ಇನ್ನು ತಂದೆ ತಾಯಂದಿರಿಗೆ ಒಂದು ಮಾತು. ರೆಫರಿಯ ಕಿವಿ ಗದ್ದಲಕ್ಕೆ ವಾಲುತ್ತದೆ ಎಂದಾದರೆ, ಗೆರೆಯ ಆಚೆ ನಿಂತು ಕೂಗುವ ನಾವೂ ಆ ಪಕ್ಷಪಾತದಲ್ಲಿ ಪಾಲುದಾರರೇ. ಮಗನ ತಂಡ ಗೆದ್ದ ದಿನ ಈ ಪ್ರಶ್ನೆ ನಮಗೆ ಹೊಳೆಯುವುದೇ ಇಲ್ಲ. ಹುಳಿಮಾವಿನ ಪರಿಚಿತರಿಗೂ ನಾನು ಹೇಳಿದ್ದು ಇಷ್ಟೆ: 'ಎಲ್ಲ ಕಡೆಯೂ ಹೀಗೇ' ಎನ್ನುವ ಮೊದಲು, 'ನೀನು ಹೇಗೆ ಆಡಿದೆಯಪ್ಪಾ?' ಎಂದು ಕೇಳಿ. ಆ ಉತ್ತರ ಮುಗಿದ ಮೇಲೆ ರೆಫರಿಯ ವಿಚಾರಕ್ಕೆ ಬರೋಣ.